ಶಾಂತವ್ವನಿಗೊಂದು ಗಾಳ

ಸೋಮವಾರ ಬೆಳಿಗ್ಗೆ, ಹೊತ್ತು ಮಾರುದ್ದ ಏರುವಷ್ಟರಲ್ಲಿ, ಹುಲಿಗೆವ್ವನ ಏಳನೆಯ ಬಾತುಮರಿ ನಿಧನ ಹೊಂದಿತು.

ಶವ ಸಿಗಲಿಲ್ಲ. ನೀರಿನ ಮೇಲೆ ಎರಡು ಹಳದಿ ಪುಕ್ಕ ಸಿಕ್ಕವು. ಹುಲಿಗೆವ್ವ ಅವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಊರಿನ ಎರಡೂ ಕಟ್ಟೆಗಳಲ್ಲಿ ಗಂಟು ಬಿಚ್ಚಿ ತೋರಿಸಿದಳು. ಬಿಸಿಲು ಬಲಿಯುವ ಮೊದಲೇ ಹೊಳೆದಂಡೆಯ ಆಶ್ರಮಕ್ಕೆ ಬಂದಳು.

ಆರೋಪಿ ಇದ್ದದ್ದು ಆಶ್ರಮದ ಹೊಂಡದಲ್ಲಿ. ಹೆಸರು ಶಾಂತವ್ವ. ಜಾತಿ ಬಾಳೆ ಮೀನು. ಉದ್ದ, ಕಂಡವರ ಪ್ರಕಾರ ಮೂರು ಮೊಳ; ಹುಲಿಗೆವ್ವನ ಪ್ರಕಾರ ಐದು. ಮೀನಿಗೆ ಕಿವಿ ಇದ್ದಿದ್ದರೆ ಬಾಯಿ ಅಲ್ಲಿಯವರೆಗೂ ಹೋಗುತ್ತಿತ್ತು.

ಹೆಸರಿಟ್ಟವನು ಆಶ್ರಮದ ಶಿಷ್ಯ ನಿರುಪಾದಿ. ನಾಲ್ಕು ವರ್ಷದ ಹಿಂದೆ, ಹೊಳೆಯಲ್ಲಿ ಯಾರದೋ ಬಲೆಗೆ ಬಿದ್ದಿದ್ದ ಬೆರಳುದ್ದದ ಮರಿಯನ್ನು ಬೇಡಿ ಪಡೆದು, ತಂಬಿಗೆಯಲ್ಲಿಟ್ಟುಕೊಂಡು ಬಂದು ಹೊಂಡಕ್ಕೆ ಬಿಟ್ಟಿದ್ದ. ಆಗ ಹೊಂಡದ ತುಂಬ ಸಣ್ಣ ಮೀನುಗಳಿದ್ದವು. ಅವುಗಳ ಗದ್ದಲವೂ ಇತ್ತು.

ಈಗ ಗದ್ದಲವಿರಲಿಲ್ಲ. ಮೀನುಗಳೂ ಇರಲಿಲ್ಲ.

ಆಶ್ರಮದ ಗುರುವಿಗೆ ಹರಿಗೋಲಜ್ಜ ಎಂದು ಹೆಸರು. ನಲವತ್ತು ವರ್ಷ ಅವರು ಹರಿಗೋಲು ನಡೆಸಿದ್ದರು, ಮೀನೂ ಹಿಡಿದಿದ್ದರು. ಒಂದು ದಿನ ಹರಿಗೋಲನ್ನು ದಂಡೆಯ ಮೇಲೆ ಕವುಚಿ ಹಾಕಿ ಅದರ ನೆರಳಿನಲ್ಲಿ ಕೂತರು. ಜನ ಬಂದು ಎದುರಿಗೆ ಕೂತರು. ಆಮೇಲೆ ಯಾರೋ ನಾಲ್ಕು ಗೋಡೆ ಎಬ್ಬಿಸಿದರು. ಬಾಗಿಲಿಗೆ ಚಿಲಕ ಹಾಕಿಸುವುದು ಮರೆತುಹೋಯಿತು.

ನಿರುಪಾದಿ ಪೇಟೆಯಲ್ಲಿ ದರ್ಜಿಯಾಗಿದ್ದವನು. ಅಜ್ಜನ ಅಂಗಿಗೆ ಅಳತೆ ತೆಗೆಯಲು ಬಂದ. ನಾಲ್ಕು ವರ್ಷವಾದರೂ ಹೋಗಲಿಲ್ಲ. ಅಂಗಿಯೂ ಆಗಲಿಲ್ಲ.

"ಅಜ್ಜಾರ, ನಿಮ್ಮ ಮೀನ ನನ್ನ ಏಳನೇ ಮರಿ ತಿಂದೈತಿ," ಅಂದಳು ಹುಲಿಗೆವ್ವ. ಪುಕ್ಕಗಳನ್ನು ಬಿಚ್ಚಿ ಮುಂದಿಟ್ಟಳು.

"ಎಷ್ಟು ಉಳಿದಾವ, ತಂಗಿ?"

"ನಾಕು."

"ಅವನ್ನ ಹೊಂಡಕ್ಕ ಬಿಡಬ್ಯಾಡ."

"ಬಾತಿನ ಮರಿಗೆ ನೀರಿಗೆ ಹೋಗಬ್ಯಾಡ ಅಂತ ಹೇಳಾಕ ಬರ್ತೈತೇನ್ರಿ? ನಿಮ್ಮ ಶಿಷ್ಯಾಗ ಮೀನ ತರಬ್ಯಾಡ ಅಂತ ಹೇಳಾಕ ನಿಮಗ ಬಂತೇನು?"

ಅಜ್ಜ ಒಪ್ಪಿಕೊಂಡು ತಲೆಯಾಡಿಸಿದರು.

"ಶುಕ್ರವಾರ ನನ್ನ ತಮ್ಮಂದಿರು ಈಟಿ ತಗೊಂಡು ಬರ್ತಾರ. ಶನಿವಾರ ನಮ್ಮನ್ಯಾಗ ಮೀನಿನ ಸಾರು. ನೀವು ಉಣ್ಣಂಗಿಲ್ಲ ಅಂತ ಗೊತ್ತೈತಿ, ಆದ್ರೂ ಹೇಳಿ ಹೋಗೋದು ಧರ್ಮ."

ನಿರುಪಾದಿಯ ಮುಖ ಇಳಿಯಿತು. ಆಶ್ರಮದಲ್ಲಿ ಮೀನು ತಿನ್ನುವವರಿರಲಿಲ್ಲ, ಊರಿನಲ್ಲಿ ತಿನ್ನದವರಿರಲಿಲ್ಲ. ಈಟಿ ಬರದಿದ್ದರೂ ಬಿಸಿಲು ಬರುತ್ತಿತ್ತು. ಹೊಂಡದ ನೀರು ದಿನಕ್ಕೊಂದು ಬೆರಳು ಇಳಿಯುತ್ತಿತ್ತು. ಅಲ್ಲಿಂದ ಹೊಳೆ ನಲವತ್ತೇ ಹೆಜ್ಜೆ, ಆದರೆ ಶಾಂತವ್ವನಿಗೆ ಕಾಲಿರಲಿಲ್ಲ.

"ಶುಕ್ರವಾರದೊಳಗ ಆಕಿ ಹೊಳ್ಯಾಗ ಇರ್ತಾಳ," ಅಂದರು ಅಜ್ಜ.

"ಯಾರು ಒಯ್ಯೋರು?"

ಅಜ್ಜ ನಿರುಪಾದಿಯನ್ನು ನೋಡಿದರು. ಹುಲಿಗೆವ್ವನೂ ನೋಡಿದಳು. ನೋಡಿ, ಪುಕ್ಕಗಳನ್ನು ಮತ್ತೆ ಗಂಟು ಕಟ್ಟಿಕೊಂಡಳು.

"ನಾ ಮಸಾಲಿ ಅರದು ಇಟ್ಟಿರ್ತೀನಿ ಬಿಡ್ರಿ," ಅಂದು ಹೋದಳು.

ನಿರುಪಾದಿ ಕೈಮುಗಿದ.

"ಅಜ್ಜಾರ, ಬಲಿ ಎರಡು ಸಲ ಬೀಸೀನ್ರಿ. ಆಕಿ ತಳದ ಹಾಸುಗಲ್ಲಿನ ಕೆಳಗ ಹೋಗಿ ಕೂಡ್ತಾಳ. ಬಲಿನ ಹರೀತು."

"ಗಾಳ ಹಾಕು."

"ಗಾಳಾನ್ರಿ? ಆಶ್ರಮದಾಗ?"

"ಆಶ್ರಮದಾಗ ಬ್ಯಾಡ. ಹೊಂಡದಾಗ ಹಾಕು."

ಮಂಗಳವಾರ ಸಂತೆ. ಗಾಳ ಮಾರುವವನ ಮುಂದೆ ನಿರುಪಾದಿ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತ. ಬಟ್ಟೆಯಂಗಡಿಯಲ್ಲಿ ಮದುವೆಯ ಸೀರೆ ಆರಿಸುವವರೂ ಅಷ್ಟು ಹೊತ್ತು ಕೂರುವುದಿಲ್ಲ.

"ಒಂದ ಸಲಕ್ಕ ಸಿಗಬೇಕು. ಎರಡನೇ ಸಲ ನೋವು ಕೊಡಬಾರದು," ಅಂದ.

ಮಾರುವವನು ಡಬ್ಬಿಯ ತಳದಿಂದ ಒಂದನ್ನು ತೆಗೆದ. ಮೂರು ಮೊನೆಯ ಗಾಳ. ಮೂರು ಮೊನೆಗೂ ಹಿಂದಕ್ಕೆ ತಿರುಗಿದ ಒಂದೊಂದು ಸಣ್ಣ ಮುಳ್ಳು.

"ಹೊಕ್ಕರ ಹೊಕ್ಕಂಗ. ಯಮ ಬಂದ್ರೂ ಬಿಡಸಾಕ ಆಗಂಗಿಲ್ಲ."

ನಿರುಪಾದಿಗೆ ಸಮಾಧಾನವಾಯಿತು. ಕರುಣೆಗೆ ಇಷ್ಟು ಚೂಪಾದ ಸಾಧನ ಇದೆಯೆಂದು ಅವನಿಗೆ ಅದುವರೆಗೆ ತಿಳಿದಿರಲಿಲ್ಲ.

ಅಜ್ಜ ಗಾಳವನ್ನು ಬಿಸಿಲಿಗೆ ಹಿಡಿದು ನೋಡಿದರು.

"ಇದನ್ನ ಯಾಕ ಆರಿಸಿದಿ?"

"ತಪ್ಪಿಸಿಕೋಬಾರದಲ್ರಿ, ಅದಕ್ಕ."

"ಹಿಡದ ಮ್ಯಾಲ?"

"ಬಿಡಸ್ತೀನ್ರಿ."

ಅಜ್ಜ ಕೈಚಾಚಿ, ನಿರುಪಾದಿಯ ಹೆಗಲ ಮೇಲಿದ್ದ ಶಾಲಿಗೆ ಗಾಳವನ್ನು ಚುಚ್ಚಿ, ಒಂದು ಜಗ್ಗು ಜಗ್ಗಿದರು.

"ಬಿಡಸು. ಒಂದು ಎಳಿ ಹರೀಬಾರದು."

ಆ ಶಾಲಿನ ಅಂಚನ್ನು ನಿರುಪಾದಿ ಸ್ವಂತ ಕೈಯಿಂದ ಹೊಲಿದಿದ್ದ. ಮಷೀನು, ಕತ್ತರಿ, ಗಿರಾಕಿಗಳು, ಮೈಮೇಲಿನ ಒಳ್ಳೆಯ ಬಟ್ಟೆ, ಎಲ್ಲವನ್ನೂ ಬಿಟ್ಟು ಬಂದವನು ಇದೊಂದನ್ನು ಮಾತ್ರ ಚಳಿಯ ನೆಪ ಹೇಳಿ ಇಟ್ಟುಕೊಂಡಿದ್ದ. ಈಗ ಬೇಸಿಗೆ.

ಅವನು ಒಂದು ಮೊನೆ ಬಿಡಿಸಿದ. ಅಷ್ಟರಲ್ಲಿ ಎರಡನೆಯದು ಹೊಕ್ಕಿತು. ಎರಡನೆಯದನ್ನು ಬಿಡಿಸುವಾಗ ಮೂರನೆಯದು ಸಿಕ್ಕಿಕೊಂಡಿತು. ಹಿಂದಕ್ಕೆ ಎಳೆದರೆ ಮುಳ್ಳು ನೂಲನ್ನು ಹಿಡಿಯಿತು. ಮುಂದಕ್ಕೆ ತಳ್ಳಿದರೆ ಮೊನೆ ಇನ್ನಷ್ಟು ಆಳಕ್ಕೆ ಇಳಿಯಿತು. ಹೊತ್ತು ನೆತ್ತಿಗೆ ಬಂತು. ಅಜ್ಜ ಉಂಡು ಬಂದರು. ಮಲಗಿ ಎದ್ದರು.

"ಬಿಡಿಸಿದೇನು?"

"ಬಿಡಿಸಿದ್ನಿರಿ."

"ಶಾಲು?"

ನಿರುಪಾದಿ ಶಾಲನ್ನು ಎತ್ತಿ ಹಿಡಿದ. ಅದರ ನಡುವೆ ಅಜ್ಜನ ಮುಖ ಪೂರ್ತಿ ಕಾಣುತ್ತಿತ್ತು.

"ಶಾಲು ಒದ್ದಾಡಲಿಲ್ಲ ನೋಡು," ಅಂದರು ಅಜ್ಜ.

ನಿರುಪಾದಿ ಮೂರು ಮೊನೆಯ ಗಾಳವನ್ನು ಹುಣಸೆ ಮರದ ಬುಡದಲ್ಲಿ ಹೂಳಿ ಬಂದ. ಅಜ್ಜ ತಮ್ಮ ಹಳೆಯ ಡಬ್ಬಿಯಿಂದ ಒಂದೇ ಮೊನೆಯ ಗಾಳ ತೆಗೆದು ಅವನ ಅಂಗೈಯಲ್ಲಿಟ್ಟರು. ಅದಕ್ಕೂ ಒಂದು ಮುಳ್ಳಿತ್ತು. ಜೊತೆಗೆ ಒಂದು ಅರವನ್ನೂ ಕೊಟ್ಟರು.

"ಆ ಮುಳ್ಳು ಉಜ್ಜಿ ತೆಗಿ."

"ಮುಳ್ಳು ತೆಗೆದ್ರ ಜಾರಿ ಹೋಗ್ತಾಳಲ್ರಿ?"

"ನಮ್ಮ ಬಾಗಿಲಕ್ಕ ಚಿಲಕ ಐತೇನು?"

"ಇಲ್ರಿ."

"ನಾಕು ವರ್ಷ ಆತು. ನೀ ಯಾಕ ಜಾರಿ ಹೋಗಲಿಲ್ಲ?"

ನಿರುಪಾದಿ ಅದನ್ನು ಯೋಚಿಸುತ್ತ ರಾತ್ರಿಯ ಊಟ ಮರೆತ. ಅವನ ಮಟ್ಟಿಗೆ ಅದು ದೊಡ್ಡ ಸಾಧನೆ.

ಬುಧವಾರ ಬೆಳಿಗ್ಗೆ ಕೂತು ಉಜ್ಜಿದ. ದರ್ಜಿಯ ಕೈ, ಶುರು ಮಾಡಿದರೆ ನಯವಾಗುವವರೆಗೆ ನಿಲ್ಲುವುದಿಲ್ಲ. ಮುಳ್ಳು ಹೋಯಿತು. ಮುಳ್ಳು ಇದ್ದ ಜಾಗದ ಉಬ್ಬೂ ಹೋಯಿತು. ಆಮೇಲೆ ಮೊನೆಯನ್ನು ನೋಡಿದ. ಅದು ಶಾಂತವ್ವನ ತುಟಿಗೆ ಚುಚ್ಚುವುದನ್ನು ನೆನೆದ. ಕಣ್ಣಲ್ಲಿ ನೀರು ಬಂತು. ಇನ್ನೂ ನಾಲ್ಕು ಸಲ ಉಜ್ಜಿದ.

ಗಾಳಕ್ಕೆ ಸಿಕ್ಕಿಸುವ ಎರೆಗಾಗಿ ಹುಲಿಗೆವ್ವನ ಮನೆಗೆ ಹೋದ. ಅಂಗಳದಲ್ಲಿ ನಾಲ್ಕು ಬಾತುಮರಿಗಳನ್ನು ಬುಟ್ಟಿಯ ಕೆಳಗೆ ಕವುಚಿಟ್ಟಿದ್ದಳು. ಅವು ಒಳಗಿಂದ ಕೂಗುತ್ತಿದ್ದವು.

"ಕೋಳಿ ಕರಳು ಇದ್ರ ಒಂದೀಟು ಕೊಡವ್ವ."

"ನನ್ನ ಮರೀನೂ ತಿಂದಾಳ, ಈಗ ನನ್ನ ಕೋಳಿ ಕರಳೂ ಬೇಕ ಆಕಿಗೆ? ಬಳಿ ಇಟ್ಟು ಉಡಿ ತುಂಬಲೇನು?"

ಬೈದಳು, ಆದರೆ ಎಲೆಯಲ್ಲಿ ಕಟ್ಟಿ ಕೊಟ್ಟಳು. ನಿರುಪಾದಿ ಅದನ್ನು ಕಣ್ಣು ಮುಚ್ಚಿ ಹಿಡಿದುಕೊಂಡು ಬಂದ. ದಾರಿಯಲ್ಲಿ ಎರಡು ಸಲ ಎಡವಿದ.

ಹೊಂಡದ ಮೆಟ್ಟಿಲ ಮೇಲೆ ಕೂತು ಗಾಳ ಬಿಟ್ಟ. ಹಾಸುಗಲ್ಲಿನ ಕೆಳಗಿನಿಂದ ಒಂದು ಉದ್ದನೆಯ ನೆರಳು ಹೊರಟು ಬಂತು. ಮೀಸೆ ಕಂಡಿತು. ಬಾಯಿ ತೆರೆಯಿತು. ನಿರುಪಾದಿ ಕೋಲೆತ್ತಿದ.

ಗಾಳ ಬರಿದಾಗಿ ಮೇಲೆ ಬಂತು.

ಮತ್ತೆ ಹಾಕಿದ. ಮತ್ತೆ ಬರಿದು. ಸಂಜೆಯವರೆಗೆ ಶಾಂತವ್ವ ಹನ್ನೊಂದು ಎರೆ ತಿಂದಳು. ಹನ್ನೆರಡನೆಯದಕ್ಕೆ ಹಾಸುಗಲ್ಲಿನ ಕೆಳಗೆ ಕಾಯದೆ, ಮೆಟ್ಟಿಲ ಹತ್ತಿರವೇ ಬಂದು ನಿಂತಳು.

ಅಜ್ಜ ಬಂದು ಪಕ್ಕದಲ್ಲಿ ಕೂತರು. ಗಾಳವನ್ನು ತೆಗೆದುಕೊಂಡು ತಮ್ಮ ಅಂಗೈಗೆ ಒತ್ತಿ ನೋಡಿದರು. ಕೆನ್ನೆಗೆ ಉಜ್ಜಿಕೊಂಡರು. ಅದರ ತುದಿಯಿಂದ ಕಿವಿ ತುರಿಸಿಕೊಂಡರು.

"ನಿರುಪಾದಿ, ಇದು ಮೀನ ಹಿಡ್ಯೋದಲ್ಲ."

"ಮತ್ತೇನ್ರಿ?"

"ದಾಸೋಹ."

ನಿರುಪಾದಿ ತಲೆ ತಗ್ಗಿಸಿದ.

"ಚುಚ್ಚಬಾರದು ಅನ್ನಿಸ್ತ್ರಿ, ಅಜ್ಜಾರ."

"ನಾಡದು ಈಟಿ ಚುಚ್ಚತೈತಿ. ನೀ ಇವತ್ತ ಕೆರಕೊಳ್ಳೋ ಕಡ್ಡಿ ಹಿಡಕೊಂಡು ಕೂತೀದಿ. ಆಕಿಗೆ ಒಳ್ಳೇದು ಮಾಡಾಕ ಹೊಂಟೀದ್ಯೋ, ನಿನಗ ಒಳ್ಳೇದು ಅನ್ನಿಸಾಕ ಹೊಂಟೀದ್ಯೋ?"

ನೀರೊಳಗಿಂದ ಶಾಂತವ್ವ ಇಬ್ಬರನ್ನೂ ನೋಡುತ್ತಿದ್ದಳು. ಅವಳ ಅಭಿಪ್ರಾಯದಲ್ಲಿ ನಿರುಪಾದಿಯ ಮಾರ್ಗವೇ ಸರಿಯಾಗಿತ್ತು.

ಗುರುವಾರ ನಿರುಪಾದಿ ಹೊಸ ಗಾಳ ತಯಾರಿಸಿದ. ಮುಳ್ಳು ತೆಗೆದ, ಮೊನೆಯನ್ನು ಸೂಜಿಯಷ್ಟು ಚೂಪು ಮಾಡಿದ. ಅಜ್ಜ ಬೆರಳ ತುದಿಯಿಂದ ಮುಟ್ಟಿ, ರಕ್ತದ ಸಣ್ಣ ಹನಿ ನೋಡಿ, ಸರಿ ಎಂದರು.

"ದಾರ?"

ನಿರುಪಾದಿ ಹೆಮ್ಮೆಯಿಂದ ತೋರಿಸಿದ. ಸಂತೆಯಲ್ಲಿ ಕೊಂಡು ತಂದಿದ್ದ, ರೇಷ್ಮೆ ಕುಪ್ಪಸ ಹೊಲಿಯುವ ಸಣ್ಣ ದಾರ. ಕೂದಲಿಗಿಂತ ಸ್ವಲ್ಪ ದಪ್ಪ.

"ಮೆತ್ತಗಿನ ದಾರ್ರಿ. ಆಕಿನ್ನ ಎಳೆದಾಡಬಾರದು. ಸಾವಕಾಶ ದಣಿಸಿ ತರ್ತೀನ್ರಿ."

ಅಜ್ಜ ದಾರದ ಒಂದು ತುದಿಯನ್ನು ಅವನ ಮುಂಗೈಗೆ ಕಟ್ಟಿದರು. ಇನ್ನೊಂದು ತುದಿ ಹಿಡಿದು ಬೇವಿನ ಕಟ್ಟೆಯ ಮೇಲೆ ಕೂತರು.

"ಓಡು. ತಪ್ಪಿಸಿಕೊಂಡು ಹೋಗು."

ನಿರುಪಾದಿ ಓಡಿದ. ಅಜ್ಜ ದಾರ ಬಿಟ್ಟರು. ಅವನು ನಿಂತ. ಅಜ್ಜ ಸೆಳೆದರು. ಅವನು ಮತ್ತೆ ಓಡಿದ. ಎಳೆದರೆ ದಾರ ಹರಿಯುತ್ತದೆಂದು ಅಜ್ಜ ಜೋರಾಗಿ ಎಳೆಯಲಿಲ್ಲ. ಮೆತ್ತಗೆ, ಬಹಳ ಮೆತ್ತಗೆ, ಒಂದು ಗೇಣು ಹತ್ತಿರ ತಂದು ಎರಡು ಗೇಣು ಬಿಡುತ್ತಿದ್ದರು. ಬೇವಿನ ಮರವನ್ನು ಮೂವತ್ತಾರನೆಯ ಸಲ ಸುತ್ತುವಾಗ ನಿರುಪಾದಿಯ ಕಾಲು ಮಡಚಿತು. ನಾಲಿಗೆ ಒಣಗಿತ್ತು. ಎದೆ ಬಡಿಗೇರನ ಸುತ್ತಿಗೆಯ ಹಾಗೆ ಬಡಿಯುತ್ತಿತ್ತು.

"ಸಾಕ್ರಿ ಅಜ್ಜಾರ... ಸಾಯ್ತೀನ್ರಿ..."

ಅಜ್ಜ ಎದ್ದು ಹೋಗಿ ಹರಿಗೋಲು ಕಟ್ಟುತ್ತಿದ್ದ ಹಗ್ಗ ತಂದರು. ಅದನ್ನು ಅವನ ಸೊಂಟಕ್ಕೆ ಕಟ್ಟಿ ಒಂದೇ ಸಲ ಎಳೆದರು. ನಿರುಪಾದಿ ಕಟ್ಟೆಯ ಬುಡಕ್ಕೆ ಬಂದು ಬಿದ್ದ. ಪೆಟ್ಟಾಗಲಿಲ್ಲ.

"ಯಾವುದು ಮೆತ್ತಗಿತ್ತು?"

ನಿರುಪಾದಿ ಮಲಗಿದಲ್ಲಿಂದಲೇ ಹಗ್ಗದ ಕಡೆ ಕೈ ತೋರಿಸಿದ.

ದಪ್ಪ ದಾರ ಕಟ್ಟಿದರು. ಅಜ್ಜ ಹರಿಗೋಲಿನ ಒಳಗೆ ಸಿಕ್ಕಿಸಿದ್ದ ಮೊಳದುದ್ದದ ಸಣ್ಣ ತಂತಿಯೊಂದನ್ನು ಎಳೆದು ತೆಗೆದು, ಗಾಳಕ್ಕೂ ದಾರಕ್ಕೂ ನಡುವೆ ಬಿಗಿದರು.

"ಇದು ಯಾಕ್ರಿ?"

"ಆಕಿ ಬಾಯಾಗ ಹಲ್ಲು ಎಷ್ಟು ಅದಾವ?"

"ಎಣಿಸಿಲ್ರಿ. ಬಾಳ ಅದಾವ."

"ದಾರ ಕಡೀತಾಳ."

"ಹೌದಲ್ರಿ! ಕಡದು ತಪ್ಪಿಸಿಕೊಂಡು ಹೋಗಬಾರದು."

"ತಪ್ಪಿಸಿಕೊಂಡು ಹೋಗಲಿ. ಬಾಯಾಗ ನಮ್ಮ ಗಾಳ ಇಟಗೊಂಡು ಹೋಗಬಾರದು."

ನಿರುಪಾದಿ ತಂತಿಯನ್ನು ಬೆರಳಿನಿಂದ ಸವರಿದ. ಅದೇ ತಂತಿ, ಒಂದು ಕ್ಷಣದ ಹಿಂದೆ ಅದು ಇದ್ದದ್ದು ಅವನ ಸಲುವಾಗಿ, ಈಗ ಶಾಂತವ್ವನ ಸಲುವಾಗಿ.

"ಇನ್ನ ಹೇಳು. ಹೊಂಡಕ್ಕ ಹೋಗುವಾಗ ಮೊದಲು ಏನು ತಗೋತಿ?"

"ಕೋಲು."

"ಅಲ್ಲ."

"ಎರಿ."

"ಅಲ್ಲ."

ಅಜ್ಜ ಒಂದು ಇಕ್ಕಳವನ್ನು ಅವನ ಮಡಿಲಿಗೆ ಹಾಕಿದರು. "ಬಿಡಸೋದು ಮೊದಲು ತಯಾರಿರಲಿ. ಹಿಡ್ಯೋದು ಆಮ್ಯಾಲ."

ಒಂದು ಗೋಣಿಯನ್ನು ಸೀಳಿ ಜೋಲಿ ಮಾಡಿಸಿದರು. ಅದನ್ನು ನೀರಿನಲ್ಲಿ ನೆನೆಹಾಕಿಸಿದರು. ಒಣ ಕೈಯಿಂದ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ, ಲೋಳೆ ಹೋದರೆ ಹುಣ್ಣಾಗುತ್ತದೆ ಎಂದರು. ನಿರುಪಾದಿ ಅಂದಿನಿಂದಲೇ ಕೈ ಒದ್ದೆ ಮಾಡಿಕೊಂಡು ಓಡಾಡತೊಡಗಿದ. ರೊಟ್ಟಿಯನ್ನೂ ಒದ್ದೆ ಕೈಯಲ್ಲೇ ತಿಂದ.

"ಹೊಂಡದಿಂದ ಹೊಳಿತನ ಎಷ್ಟು ಹೆಜ್ಜಿ?"

"ನಲವತ್ರಿ."

"ಅಷ್ಟು ಹೊತ್ತು ಆಕಿ ನೀರಿನ ಹೊರಗ ಇರ್ತಾಳ. ನಿನಗ ತಡ ಆತೋ ಇಲ್ಲೋ ಹೆಂಗ ಗೊತ್ತಾಗಬೇಕು?"

"ಹೆಂಗ್ರಿ?"

"ಆಕಿ ಮ್ಯಾಲ ಬಂದ ಕೂಡಲೇ ನೀ ಉಸಿರು ಬಿಗಿ ಹಿಡಿ. ಆಕಿ ನೀರಿಗೆ ಇಳದ ಮ್ಯಾಲ ನೀ ಉಸಿರು ಬಿಡು."

ನಿರುಪಾದಿ ಬರಿ ಗೋಣಿ ಹೊತ್ತು ಮರಳಿನಲ್ಲಿ ಅಭ್ಯಾಸ ಮಾಡಿದ. ಮೊದಲ ಸಲ ಹದಿನೆಂಟನೆಯ ಹೆಜ್ಜೆಗೆ ಕುಸಿದ. ಎರಡನೆಯ ಸಲ ಇಪ್ಪತ್ತೆರಡು. ಸಂಜೆಯ ಹೊತ್ತಿಗೆ ಇಪ್ಪತ್ತೈದು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಇದು ಯಾವ ಯೋಗವೆಂದು ಕೇಳಿದರು. ಅವನಿಗೆ ಉತ್ತರಿಸಲು ಉಸಿರಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನು ಕೊನೆಯ ಪ್ರಶ್ನೆ ಕೇಳಿದ.

"ಆಕಿ ಎರಿ ಹಿಡದ ಕೂಡಲೇ ಎಳೀಬೇಕೋ, ಸ್ವಲ್ಪ ಕಾಯಬೇಕೋ? ಸಂತಿಯಾಗ ಅಂದ್ರು, ಚಂದಂಗ ನುಂಗಾಕ ಬಿಡು, ಖಾತ್ರಿ ಆಗ್ತೈತಿ ಅಂತ."

"ಖಾತ್ರಿ ಆಗೋತನ ಕಾಯ್ದರ ಗಾಳ ಹೊಟ್ಟ್ಯಾಗ ಇರ್ತೈತಿ."

"ಕಾಯಲಿಲ್ಲ ಅಂದ್ರ ತಪ್ಪತೈತಲ್ರಿ?"

"ತಪ್ಪತೈತಿ."

"ತಪ್ಪಿದ್ರ?"

"ಮತ್ತ ಹಾಕು."

"ಅಷ್ಟರಾಗ ಈಟಿ ಬಂದ್ರ?"

ಅಜ್ಜ ದೀಪದ ಬತ್ತಿ ಸರಿಮಾಡಿದರು. "ಖಾತ್ರಿ ನಿನಗ ಬೇಕು. ಹೊಟ್ಟಿ ಆಕಿದು," ಅಂದು ಮಲಗಲು ಹೋದರು.

ಶುಕ್ರವಾರ ಬೆಳಕು ಹರಿಯುವ ಮೊದಲೇ ನಿರುಪಾದಿ ಹೊಂಡದ ಮೆಟ್ಟಿಲ ಮೇಲಿದ್ದ. ಮೊದಲು ಇಕ್ಕಳ ಇಟ್ಟ. ಪಕ್ಕದಲ್ಲಿ ನೆನೆದ ಜೋಲಿ. ಆಮೇಲೆ ಕೋಲು. ಎಲೆಯಲ್ಲಿ ಎರಡೇ ಎರಡು ಎರೆ ಉಳಿದಿದ್ದವು. ಮಿಕ್ಕಿದ್ದೆಲ್ಲ ಬುಧವಾರದ ದಾಸೋಹದಲ್ಲಿ ಖರ್ಚಾಗಿತ್ತು.

ಹುಲಿಗೆವ್ವನ ತಮ್ಮಂದಿರು ದುರುಗಪ್ಪ, ಯಂಕೋಬ ಇಬ್ಬರೂ ಈಟಿ ಹಿಡಿದು ಬಂದರು. ಅವರ ಹಿಂದೆ ಹುಲಿಗೆವ್ವ ಬಂದಳು. ಅವಳ ಹಿಂದೆ ಕೆಲಸವಿಲ್ಲದವರು ಬಂದರು. ಆಮೇಲೆ ಕೆಲಸವಿದ್ದವರೂ ಬಂದರು.

"ಮುಗೀತೇನಪ್ಪಾ ದರ್ಜಿ?" ಅಂದ ದುರುಗಪ್ಪ. "ಇಲ್ಲಾಂದ್ರ ಸರಿ, ನಾವು ಒಂದು ಹೊಲಿಗಿ ಹಾಕ್ತೀವಿ."

"ಹೊತ್ತು ಇನ್ನೂ ಹುಟ್ಟಿಲ್ಲ," ಅಂದರು ಅಜ್ಜ. "ಶುಕ್ರವಾರ ಇನ್ನೂ ಶುರು ಆಗಿಲ್ಲ. ಕುಂದರ್ರಿ."

ಕೂತರು. ಅಜ್ಜನ ಮಾತಿಗೆ ಎದುರಾಡುವ ಪದ್ಧತಿ ಆ ದಂಡೆಯಲ್ಲಿರಲಿಲ್ಲ. ಅವರಲ್ಲಿ ಅರ್ಧ ಜನರ ತಂದೆತಾಯಿಗಳನ್ನು ಮಹಾಪೂರದಲ್ಲಿ ದಾಟಿಸಿದವರು ಅವರೇ.

ನಿರುಪಾದಿ ಗಾಳ ಬಿಟ್ಟ. ನೆರಳು ಬಂತು. ಬುಧವಾರದ ಪರಿಚಯದಿಂದಾಗಿ ಅವಳಿಗೆ ಸಂಕೋಚವೇ ಇರಲಿಲ್ಲ. ಎರೆ ಮಾಯವಾಯಿತು. ದಾರ ಸರಿಯಿತು.

ಸ್ವಲ್ಪ ಕಾಯಿ, ಎಂದಿತು ಅವನೊಳಗಿನ ಒಂದು ದನಿ. ಎರಡೇ ಎರೆ ಇವೆ. ಹಿಂದೆ ಈಟಿಗಳಿವೆ. ನುಂಗಲಿ. ಖಾತ್ರಿಯಾಗಲಿ.

ನಿರುಪಾದಿ ಕಾಯಲಿಲ್ಲ. ಎಳೆದ.

ಗಾಳ ಬರಿದಾಗಿ ಗಾಳಿಯಲ್ಲಿ ಹಾರಿ ಬಂದು ಅವನ ಶಾಲಿಗೆ ಸಿಕ್ಕಿಕೊಂಡಿತು. ಜನ ನಕ್ಕರು. ಅವನು ಬೆರಳಿನಿಂದ ಮುಟ್ಟಿದ. ಗಾಳ ಕಳಚಿ ಕೈಗೆ ಬಂತು. ಶಾಲಿನ ಒಂದು ಎಳೆಯೂ ಹರಿದಿರಲಿಲ್ಲ.

ಅವನು ಅಜ್ಜನ ಕಡೆ ನೋಡಿದ. ಅಜ್ಜ ಹೊಳೆಯ ಕಡೆ ನೋಡುತ್ತಿದ್ದರು.

"ಹೊತ್ತು ಹುಟ್ಟಾಕತ್ತೈತಿ," ಅಂದ ಯಂಕೋಬ. ಎದ್ದು ನಿಂತ. ಈಟಿಯ ತುದಿಯನ್ನು ಅಂಗೈಯಿಂದ ಒರೆಸಿದ.

"ಕುಂದರೋ," ಅಂದಳು ಹುಲಿಗೆವ್ವ. "ಇನ್ನೊಂದು ಐತಿ. ನನ್ನ ಕೋಳಿ ಕರಳು ಅದು, ದಂಡ ಆಗಬಾರದು."

ನಿರುಪಾದಿ ಕೊನೆಯ ಎರೆಯನ್ನು ಸಿಕ್ಕಿಸಿದ. ಗಾಳ ನೀರಿಗೆ ಇಳಿಯಿತು.

ಈ ಸಲ ಶಾಂತವ್ವ ತಡ ಮಾಡಿದಳು. ಒಂದು ಸುತ್ತು ಬಂದಳು. ಮೀಸೆಯಿಂದ ಎರೆಯನ್ನು ಮುಟ್ಟಿ ನೋಡಿದಳು.

ಬಾಯಿ ತೆರೆಯಿತು. ಮುಚ್ಚಿತು. ದಾರ ಒಂದು ಬೆರಳಿನಷ್ಟು ಅಲುಗಿತು.

ಅಷ್ಟೇ. ಖಾತ್ರಿ ಏನೇನೂ ಇರಲಿಲ್ಲ.

ಎಳೆದ.

ಕೋಲು ಬಿಲ್ಲಾಯಿತು. ಹೊಂಡದ ನೀರು ಮಗುಚಿ ಬಿತ್ತು. ಬೆಳ್ಳಿಯ ಪಟ್ಟಿಯಂಥ ಮೈ ಒಮ್ಮೆ ಮೇಲೆ ಹಾರಿ, ಬಾಲ ಬಡಿದು, ಮೆಟ್ಟಿಲ ಮೇಲಿದ್ದವರನ್ನೆಲ್ಲ ತೋಯಿಸಿತು.

"ಐದು ಮೊಳ!" ಕೂಗಿದಳು ಹುಲಿಗೆವ್ವ. "ನಾ ಹೇಳಿರಲಿಲ್ಲೇನು, ಐದು ಮೊಳ!"

"ದಾರ ಸಡ್ಲ ಬಿಡಬ್ಯಾಡ," ಅಂದರು ಅಜ್ಜ.

ನಿರುಪಾದಿ ಸಡಿಲ ಬಿಡಲಿಲ್ಲ. ಅವಳನ್ನು ಬೇವಿನ ಮರ ಸುತ್ತಿಸಲೂ ಇಲ್ಲ. ದಪ್ಪ ದಾರ, ನೇರ ಸೆಳೆತ. ಅವಳು ಹಾಸುಗಲ್ಲಿನ ಕಡೆ ತಿರುಗುವಷ್ಟರಲ್ಲಿ ಮೆಟ್ಟಿಲ ಬುಡಕ್ಕೆ ಬಂದಿದ್ದಳು. ಅವನು ಸೊಂಟದವರೆಗೆ ನೀರಿಗಿಳಿದು, ಜೋಲಿಯನ್ನು ಅವಳ ಕೆಳಗೆ ಸರಿಸಿದ. ಗಾಳ ಬಾಯಿಯ ಮೂಲೆಯಲ್ಲಿತ್ತು, ತುಟಿಯ ಅಂಚಿಗೆ. ಅವನು ದಾರ ಸಡಿಲಿಸಿ ಇಕ್ಕಳಕ್ಕೆ ಕೈ ಚಾಚಿದ.

ಇಕ್ಕಳ ಬೇಕಾಗಲಿಲ್ಲ. ಶಾಂತವ್ವ ಒಮ್ಮೆ ತಲೆ ಕೊಡವಿದಳು. ಗಾಳ ತಾನಾಗಿ ಜೋಲಿಯಲ್ಲಿ ಬಿತ್ತು.

ನಿರುಪಾದಿ ಉಸಿರು ಬಿಗಿಹಿಡಿದ. ಜೋಲಿಯನ್ನು ಎದೆಗವುಚಿಕೊಂಡು ಓಡಿದ.

ಹತ್ತು ಹೆಜ್ಜೆ. ಜನ ದಾರಿ ಬಿಟ್ಟರು. ಹದಿನೈದು. ಬರಿ ಗೋಣಿಯಲ್ಲಿ ಮಾಡಿದ ಅಭ್ಯಾಸದಲ್ಲಿ ಒಂದು ಕೊರತೆ ಇತ್ತೆಂದು ಅವನಿಗೆ ಆಗ ಹೊಳೆಯಿತು: ಅದರಲ್ಲಿ ಮೀನಿರಲಿಲ್ಲ. ಇಪ್ಪತ್ತನೆಯ ಹೆಜ್ಜೆಗೆ ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಇಪ್ಪತ್ತೆರಡಕ್ಕೆ ಮೊಣಕಾಲು ಮರಳಿಗೆ ತಾಗಿತು.

"ಏ ಹಿಡೀರೋ!" ಅಂದಳು ಹುಲಿಗೆವ್ವ.

ಯಾರನ್ನು ಹಿಡಿಯಬೇಕೆಂದು ಅವಳು ಹೇಳಲಿಲ್ಲ. ಆಮೇಲೆ ಕೇಳಿದಾಗ, ಮೀನನ್ನೆಂದೇ ತಾನು ಹೇಳಿದ್ದೆಂದು ವಾದಿಸಿದಳು. ಆದರೆ ದುರುಗಪ್ಪ, ಯಂಕೋಬ ಇಬ್ಬರೂ ಈಟಿ ಬಿಸಾಕಿ ಓಡಿ ಬಂದು ಜೋಲಿಯ ಎರಡು ತುದಿ ಹಿಡಿದರು.

"ಕೈ ತೋಯಿಸಿಕೊಳ್ರಿ!" ಅನ್ನುವ ಹಾಗೆ ನಿರುಪಾದಿ ಕಣ್ಣಿನಲ್ಲೇ ಸನ್ನೆ ಮಾಡಿದ. ಕೈ ಮೊದಲೇ ತೋಯ್ದಿದ್ದವು. ಶಾಂತವ್ವ ಆ ಕೆಲಸ ಮಾಡಿ ಮುಗಿಸಿದ್ದಳು.

"ಉಸಿರು ಹಿಡೀರಿ," ಅಂದರು ಹಿಂದಿನಿಂದ ಅಜ್ಜ.

ಯಾಕೆಂದು ಯಾರೂ ಕೇಳಲಿಲ್ಲ. ತಮ್ಮಂದಿರು ಹಿಡಿದರು. ಪಕ್ಕದಲ್ಲಿ ಓಡುತ್ತಿದ್ದ ಹುಲಿಗೆವ್ವ ಹಿಡಿದಳು. ದಂಡೆಯ ಮೇಲೆ ನಿಂತಿದ್ದವರೆಲ್ಲ ಹಿಡಿದರು. ಊರಿನ ಇತಿಹಾಸದಲ್ಲಿ ಅಷ್ಟು ಜನ ಸೇರಿದ ಕಡೆ ಅಷ್ಟು ಮೌನ ಇದ್ದದ್ದು ಅದೇ ಮೊದಲು.

ಮೂವತ್ತು. ಮೂವತ್ತೈದು.

ನಲವತ್ತಕ್ಕೆ ಮೂವರೂ ಜೋಲಿಯ ಸಮೇತ ಹೊಳೆಗೆ ಬಿದ್ದರು.

ದಂಡೆಯ ತುಂಬ ಉಸಿರು ಬಿಟ್ಟ ಸದ್ದು ಕೇಳಿತು. ಬೆಳಗಿನ ಗಾಳಿ ಬೀಸಿದ ಹಾಗೆ.

ನಿರುಪಾದಿ ನೀರಿನಲ್ಲಿ ಮಂಡಿಯೂರಿದ. ಶಾಂತವ್ವನ ಹೊಟ್ಟೆಯ ಕೆಳಗೆ ಅಂಗೈಯಿಟ್ಟು, ಹರಿವಿಗೆ ಮುಖ ಮಾಡಿ ಹಿಡಿದ. ಕಿವಿರು ಅಲುಗಲಿಲ್ಲ. ಒಮ್ಮೆ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಆಮೇಲೆ ನಿಲ್ಲಲಿಲ್ಲ.

ಅವನು ಅಂಗೈಯನ್ನು ಮೆಲ್ಲಗೆ ಸಡಿಲಿಸಿದ. ಅವಳು ಅಲ್ಲೇ ಇದ್ದಳು. ಅವನಿಗೆ ಏನೋ ಹೇಳಬೇಕೆನ್ನಿಸಿತು. ನಾಲ್ಕು ವರ್ಷದ ಮಾತು ಅದು. ಹೇಳಲೆಂದು ಅವನು ಬಗ್ಗಿದ.

ಶಾಂತವ್ವ ಅವನ ಕೆನ್ನೆಗೆ ಬಾಲದಿಂದ ಒಂದು ಬಾರಿಸಿ ಹೊರಟುಹೋದಳು.

ಮೊದಲು ನಕ್ಕವಳು ಹುಲಿಗೆವ್ವ. ನೆಲಕ್ಕೆ ಕೂತು, ಸೆರಗು ಬಾಯಿಗೆ ಹಿಡಿದು ನಕ್ಕಳು. ಸೆರಗಿನ ತುದಿಯ ಗಂಟು ಬಿಚ್ಚಿ ಎರಡು ಹಳದಿ ಪುಕ್ಕ ಗಾಳಿಗೆ ಹಾರಿದವು. ಅವಳು ಹಿಡಿಯಲು ಹೋಗಲಿಲ್ಲ. ದುರುಗಪ್ಪ ನಿರುಪಾದಿಯ ಬೆನ್ನಿಗೆ ಗುದ್ದಿದ. ಯಂಕೋಬ ಅವನನ್ನು ಎತ್ತಿ ಮತ್ತೊಮ್ಮೆ ಹೊಳೆಗೆ ಹಾಕಿದ. ಕೆನ್ನೆಯ ಮೇಲೆ ಬಾಲದ ಅಚ್ಚು ಕೆಂಪಗೆ ಮೂಡಿತ್ತು. ಅವನು ಅದನ್ನು ದಿನವಿಡೀ ತೊಳೆಯಲಿಲ್ಲ.

ಶನಿವಾರ ಹುಲಿಗೆವ್ವನ ಮನೆಯಲ್ಲಿ ಹುರುಳಿ ಸಾರು. ಮೀನಿಗೆಂದು ಅರೆದಿಟ್ಟಿದ್ದ ಮಸಾಲೆಯನ್ನೇ ಅದಕ್ಕೆ ಹಾಕಿದ್ದಳು. ಆಶ್ರಮಕ್ಕೂ ಒಂದು ಗಡಿಗೆ ಕಳಿಸಿದಳು. ಚೆನ್ನಾಗಿತ್ತು. ನಾಲ್ಕು ಬಾತುಮರಿಗಳು ಹೊಂಡಕ್ಕಿಳಿದವು. ನಾಲ್ಕೂ ಮೇಲೆ ಬಂದವು.

ನಿರುಪಾದಿ ಸಂಜೆ ಹೊಳೆಯ ಅಂಚಿನಲ್ಲಿ ಕೂತು ಶಾಲಿಗೆ ತೇಪೆ ಹಾಕುತ್ತಿದ್ದ. ಹೊಲಿಗೆಗಿಂತ ಹೆಚ್ಚಾಗಿ ನೀರನ್ನು ನೋಡುತ್ತಿದ್ದ. ಅಜ್ಜ ಪಕ್ಕದಲ್ಲಿ ಇಕ್ಕಳ ಒರೆಸುತ್ತಿದ್ದರು.

"ಅಜ್ಜಾರ."

"ಹೂಂ."

"ನಾಕು ವರ್ಷ ಸಾಕಿದ್ನಿರಿ. ಹೋಗುವಾಗ ಆಕಿ ಒಂದ ಸಲಾನೂ ತಿರುಗಿ ನೋಡಲಿಲ್ಲ."

ಅಜ್ಜ ಇಕ್ಕಳವನ್ನು ಡಬ್ಬಿಯೊಳಗಿಟ್ಟು ಮುಚ್ಚಿದರು.

"ಹಂಗಾರ ಗಾಳ ಪೂರ್ತಿ ಬಿಟ್ಟೈತಿ."